ಬಸಲಿಂಗಪ್ಪ ಕಾಯ್ದ ತೆನೆಗಳು

೧೯೭೪ರ ಬೇಸಿಗೆ. ನಾನಾಗ ಬೈಲಹೊಂಗಲ ತಾಲ್ಲೂಕಿನಲ್ಲಿ ಕೃಷಿ ವಿಸ್ತರಣಾಧಿಕಾರಿ. ಹುದ್ದೆಯ ಹೆಸರು ಉದ್ದವಾದರೂ ಕೆಲಸ ಇಷ್ಟೇ: ಸರ್ಕಾರ ಹೊಸದಾಗಿ ತಂದ ಬೀಜ, ಗೊಬ್ಬರ, ಔಷಧಗಳನ್ನು ರೈತರಿಗೆ ಒಪ್ಪಿಸುವುದು, ಅವು ಕೈಕೊಟ್ಟಾಗ ಅದೇ ರೈತರಿಂದ ಬೈಸಿಕೊಳ್ಳುವುದು. ಕಿತ್ತೂರು ಆಗ ಇದೇ ತಾಲ್ಲೂಕಿಗೆ ಸೇರಿತ್ತು. ಕಿತ್ತೂರ ಕಡೆಯ ಭತ್ತದ ಗದ್ದೆಗಳಿಂದ ಹಿಡಿದು ಸವದತ್ತಿ ಗಡಿಯ ಎರೆ ಭೂಮಿಯವರೆಗೆ ನನ್ನ ಸೈಕಲ್ಲು ಓಡುತ್ತಿತ್ತು.

ಧಾರವಾಡದಲ್ಲಿ ಕೃಷಿ ಪದವಿ ಓದುವಾಗ ನನಗೆ ರುಚಿ ಹತ್ತಿದ್ದು ಕೀಟಶಾಸ್ತ್ರ. ಆದರೆ ಆ ರುಚಿ ಕಾಲೇಜು ಹಚ್ಚಿದ್ದಲ್ಲ, ರಾಮದುರ್ಗದ ಹತ್ತಿರದ ನಮ್ಮೂರಿನಲ್ಲಿದ್ದ ನಮ್ಮ ಆಯಿ, ಅಂದರೆ ಅಜ್ಜಿ, ಹಚ್ಚಿದ್ದು. ಗೋಡೆಯ ಮೂಲೆಯಲ್ಲಿ ಕುಂಬಾರ ಹುಳ ಹಸಿಮಣ್ಣು ತಂದು ಗಡಿಗೆ ಕಟ್ಟುತ್ತಿದ್ದರೆ ಆಯಿ ಅಲ್ಲಿಗೆ ಕಸಬರಿಗೆ ಒಯ್ಯುತ್ತಿರಲಿಲ್ಲ. "ಆಕಿ ಬಾಣಂತನಕ್ಕ ಮನಿ ಕಟ್ಟಾಕ ಹತ್ಯಾಳ, ಮುಗಿಸಲಿ ಬಿಡು," ಎನ್ನುತ್ತಿದ್ದಳು. ಹುಳಕ್ಕೂ ಒಂದು ಸಂಸಾರ ಇರುತ್ತದೆ ಎಂಬ ಮೊದಲ ಪಾಠ ನನಗೆ ಅಲ್ಲೇ ಆಯಿತು.

ಒಂದು ಮಧ್ಯಾಹ್ನ ಕಚೇರಿಗೆ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಂದಳು. ಹೆಸರು ಗಂಗವ್ವ. ಬಗಲಲ್ಲಿದ್ದ ಗಂಟು ಬಿಚ್ಚಿ, ಊಟದ ಗಂಗಾಳದಷ್ಟು ಅಗಲದ ಒಂದು ಒಣ ತೆನೆಯನ್ನು ನನ್ನ ಮೇಜಿನ ಮೇಲೆ ಇಟ್ಟಳು.

"ಸಾಹೇಬ್ರ, ಇದು ಏನ್ರಿ?"

"ಸೂರ್ಯಕಾಂತಿ ತೆನಿ, ಅಕ್ಕಾರ."

"ಅಲ್ಲರಿ. ಇದು ನಮ್ಮ ಮೈದುನನ ನಗು. ತಿಕ್ಕಿ ನೋಡ್ರಿ, ಒಳಗ ಏನೂ ಇಲ್ಲ."

ತೆನೆ ತಿಕ್ಕಿ ಬೀಜ ಒಡೆದು ನೋಡಿದೆ. ಅಂಚಿನಲ್ಲಿ ನಾಲ್ಕಾರು ಗಟ್ಟಿ ಕಾಳು. ಉಳಿದದ್ದೆಲ್ಲ ಬರೀ ಸಿಪ್ಪೆ, ಜೊಳ್ಳು.

ಸೂರ್ಯಕಾಂತಿ ಆಗ ನಮ್ಮ ಕಡೆಗೆ ತೀರ ಹೊಸ ಬೆಳೆ. ರಷ್ಯಾದಿಂದ ಬಂದ ತಳಿಗಳನ್ನು ಇಲಾಖೆ ಹಂಚುತ್ತಿತ್ತು. ಜನರ ಬಾಯಲ್ಲಿ ಅದು ಸೂರ್ಯಪಾನ. ಆ ಊರಿನಲ್ಲಿ ಅದನ್ನು ಮೊದಲು ಬಿತ್ತಿದವಳು ಗಂಗವ್ವನೇ. ಗಂಡ ತೀರಿದ ಮೇಲೆ ಹೊಲವನ್ನು ಆಕೆ ತಾನೇ ನಿಂತು ಮಾಡಿಸುತ್ತಿದ್ದಳು. ಇದು ಮೈದುನ ಬಸಲಿಂಗಪ್ಪನಿಗೆ ಸರಿಬರುತ್ತಿರಲಿಲ್ಲ. ಅವನೇನು ಕೆಟ್ಟವನಲ್ಲ, ಗಟ್ಟಿ ರೈತ. ಹೆಂಗಸು ಬಿತ್ತುವ ಕೂರಿಗೆಯ ಹಿಂದೆ ನಿಂತು ಹುಕುಂ ಕೊಡುವುದು ಅವನ ಕಣ್ಣಿಗೆ ಒಗ್ಗುತ್ತಿರಲಿಲ್ಲ, ಅಷ್ಟೇ. ಮೊದಲ ವರ್ಷ ತೆನೆಯೆಲ್ಲ ಜೊಳ್ಳಾದಾಗ ಊರ ಹಿರಿಯರ ಮುಂದೆ ಮಾತಾಯಿತು. ಇನ್ನೊಂದು ಸಲ ನೋಡುವುದು; ಆಗಲೂ ಜೊಳ್ಳಾದರೆ ಹೊಲವನ್ನು ಬಸಲಿಂಗಪ್ಪನಿಗೆ ಪಾಲಿಗೆ ಬಿಟ್ಟು, ಗಂಗವ್ವ ಮನೆಯಲ್ಲಿ ಕುಳಿತು ಬಂದದ್ದು ಉಣ್ಣಬೇಕು.

"ಹಂಗಾರ ಈ ವರ್ಷ ಜ್ವಾಳ ಬಿತ್ತಿಬಿಡ್ರಲ್ಲ," ಎಂದೆ.

"ಜ್ವಾಳ ಬಿತ್ತಿದ್ರ ನಾ ಸೋತೆ ಅಂತ ಒಪ್ಪಿಕೊಂಡಂಗ ಆಕ್ಕೈತಿ. ಬೀಜ ಕೊಟ್ಟವ್ರು ನೀವು, ಜೊಳ್ಳಿಗೂ ನೀವ ಉತ್ತರಾ ಹೇಳ್ರಿ."

ಮೊದಲ ಮಳೆ ಬಿದ್ದ ಮೇಲೆ ಅವಳ ಊರಿಗೆ ಹೋದೆ. ಸವದತ್ತಿ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಎರೆಮಣ್ಣು ಸೈಕಲ್ಲಿನ ಗಾಲಿಗೆ ಮೆತ್ತಿಕೊಂಡು, ನಾನು ಅದನ್ನು ಹೊತ್ತೆನೋ ಅದು ನನ್ನನ್ನು ಹೊತ್ತಿತೋ ತಿಳಿಯದ ಹಾಗಾಗಿತ್ತು. ಹೊಲ ಚೊಕ್ಕವಾಗಿತ್ತು. ಮಣ್ಣಿನಲ್ಲಿ ದೋಷವಿಲ್ಲ, ಬೀಜದಲ್ಲಿ ದೋಷವಿಲ್ಲ. ಹೋದ ವರ್ಷ ಹೂವಾದಾಗ ಏನೇನು ಮಾಡಿದಿರಿ ಎಂದು ಕೇಳಿದೆ.

ಉತ್ತರ ಕೊಟ್ಟವನು ಬಸಲಿಂಗಪ್ಪ. ಬದುವಿನ ಮೇಲೆ ಕುಳಿತು ತಂಬಾಕು ತಿಕ್ಕುತ್ತಿದ್ದ.

"ಮಾಡೂದೆಲ್ಲಾ ಮಾಡೇವ್ರಿ. ಹೂ ಬಿಟ್ಟ ಕೂಡ್ಲೆ ಜೇನಹುಳ ದಂಡು ದಂಡ ಬಂದು ತೆನಿ ಮ್ಯಾಲ ಕುಂತ್ವು. ಕಾಳಿನ ಹಾಲು ಹೀರಾಕ ಹತ್ತಿದ್ವು. ನಾ ಬಿಡತೇನೇನು? ಮುಂಜಾನೆ ಇಬ್ಬನ್ಯಾಗ ಪುಡಿ ಜಾಡಿಸಿದೆ. ಹಳ್ಳದ ದಂಡ್ಯಾಗಿನ ಆಲದ ಮರದಾಗ ಹೆಜ್ಜೇನು ಇದ್ವು, ಅವಕ್ಕೂ ಬೆಂಕಿ ಕೊಟ್ಟೆ. ಒಂದು ಹುಳ ಉಳಿಲಿಲ್ಲ. ಆದ್ರೂ ನೋಡ್ರಿ, ಅಷ್ಟರಾಗ ಎಲ್ಲಾ ಹಾಲು ಕುಡದಬಿಟ್ಟಿದ್ವು."

ನನಗೆ ನಗು ಬರಲಿಲ್ಲ. ಯಾಕೆಂದರೆ ಅವನ ಲೆಕ್ಕ ಜೋಳದ ಲೆಕ್ಕ, ಜೋಳದಲ್ಲಿ ಅದು ಸರಿ. ಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ತಿಗಣೆಯಂಥ ಒಂದು ಹುಳ ಬಂದು ಸೊಂಡಿಲು ಚುಚ್ಚಿ ಹಾಲು ಹೀರುತ್ತದೆ, ಕಾಳು ಜೊಳ್ಳಾಗುತ್ತದೆ. ಬೆಳಗಿನ ಇಬ್ಬನಿಯಲ್ಲಿ ಬಿ.ಎಚ್.ಸಿ. ಪುಡಿಯನ್ನು ತೆಳು ಅರಿವೆಯ ಗಂಟಿನಲ್ಲಿ ಕಟ್ಟಿ ತೆನೆಯ ಮೇಲೆ ಜಾಡಿಸುವುದು ಅದಕ್ಕೆ ಆಗಿನ ಮದ್ದು. ತಲೆಮಾರುಗಳಿಂದ ಜೋಳ ಬೆಳೆದವನ ಕಣ್ಣಿಗೆ ತೆನೆಯ ಮೇಲೆ ಕುಳಿತ ಹುಳವೆಲ್ಲ ಕಳ್ಳನೇ. ಜೋಳಕ್ಕೆ ಜೇನು ಬೇಕಾಗಿಯೇ ಇಲ್ಲ, ಹಾಗಾಗಿ ಹುಳದಿಂದ ಉಪಕಾರವಾಗುವ ತೆನೆಯನ್ನು ಅವನು ಕಂಡೇ ಇರಲಿಲ್ಲ.

ಸೂರ್ಯಕಾಂತಿಯ ಜಾತಿ ಬೇರೆ. ನಾವು ಒಂದು ಹೂವು ಅನ್ನುವುದು ನಿಜದಲ್ಲಿ ಒಂದು ತಟ್ಟೆಯಲ್ಲಿ ಒತ್ತೊತ್ತಾಗಿ ಕೂತ ನೂರಾರು ಪುಟ್ಟ ಹೂಗಳ ಸಂತೆ. ಅವು ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಅರಳುತ್ತವೆ. ಪ್ರತಿ ಪುಟ್ಟ ಹೂವೂ ಮೊದಲು ಪರಾಗ ಹೊರಹಾಕುತ್ತದೆ. ಅದು ಮುಗಿದ ಮೇಲೆ ಅದರ ಹೆಣ್ಣುಭಾಗ ಬಾಯಿ ತೆರೆಯುತ್ತದೆ. ಆಗಿನ ತಳಿಗಳಿಗೆ ತಮ್ಮದೇ ಪರಾಗ ಅಷ್ಟಾಗಿ ಹಿಡಿಸುತ್ತಿರಲಿಲ್ಲ, ಬೇರೆ ಗಿಡದ್ದು ಬರಬೇಕು. ಪರಾಗ ಅಂಟಂಟು, ಭಾರ. ಗಾಳಿ ಅದನ್ನು ಹೊರುವುದಿಲ್ಲ. ಮೈಮೇಲೆ ರೋಮ ಇರುವ ಒಂದು ಹುಳ ಬಂದು, ಈ ತೆನೆಯಲ್ಲಿ ಹೊರಳಾಡಿ ಆ ತೆನೆಗೆ ಹೋದರೆ ಮಾತ್ರ ಕಾಳು. ಇಲ್ಲವೆಂದರೆ ಸಿಪ್ಪೆ.

ಇದನ್ನೆಲ್ಲ ಅಲ್ಲೇ ಬದುವಿನ ಮೇಲೆ ಹೇಳಿದೆ. ಬಸಲಿಂಗಪ್ಪ ತಂಬಾಕು ಬಾಯಿಗೆ ಹಾಕಿಕೊಂಡು, "ಕಳ್ಳಗ ಕೀಲಿ ಕೊಟ್ಟು ಮಲಗು ಅಂತೀರಿ," ಎಂದ. ಗಂಗವ್ವ ಮಾತ್ರ ಪ್ರಶ್ನೆ ಕೇಳಿದಳು. ಹೆಜ್ಜೇನು ಸುಟ್ಟುಹೋದವಲ್ಲ, ಈ ವರ್ಷ ಯಾರು ಬರಬೇಕು?

ನಾನು ಆಕೆಯನ್ನು ಬದುವಿನ ಬಿಸಿಲು ಬೀಳುವ ಮಗ್ಗುಲಿಗೆ ಕರೆದೊಯ್ದೆ. ಅಲ್ಲಿ ಪೆನ್ಸಿಲ್ ಚುಚ್ಚಿದಂಥ ತೂತುಗಳು, ಒಂದೊಂದರ ಬಾಯಿಗೂ ಹುಡಿಮಣ್ಣಿನ ಗುಪ್ಪೆ. ಸ್ವಲ್ಪ ಹೊತ್ತು ಕುಕ್ಕುರುಗಾಲಿನಲ್ಲಿ ಕೂತೆವು. ನೊಣಕ್ಕಿಂತ ತುಸು ದೊಡ್ಡದಾದ ಒಂದು ಜೇನು, ಹಿಂಗಾಲಿಗೆಲ್ಲ ಹಳದಿ ಹುಡಿ ಮೆತ್ತಿಕೊಂಡು, ಒಂದು ತೂತಿನೊಳಗೆ ಇಳಿಯಿತು.

"ಇದೂ ಜೇನ ಏನ್ರಿ? ಜೇನಹುಟ್ಟು ಎಲ್ಲಿ ಅದ?"

"ಹುಟ್ಟಿಲ್ಲ. ಇವು ಒಂಟಿ ಜೇನು. ರಾಣಿ ಇಲ್ಲ, ಆಳು ಇಲ್ಲ. ಒಬ್ಬಾಕಿನ ನೆಲಾ ಕೊರೀತಾಳ, ಒಬ್ಬಾಕಿನ ಪರಾಗದ ಉಂಡಿ ಕಟ್ಟಿ ಒಳಗ ಇಡತಾಳ, ಅದರ ಮ್ಯಾಲ ತತ್ತಿ ಇಟ್ಟು ಬಾಗಲಾ ಮುಚ್ಚತಾಳ. ಮರಿ ಆ ಬುತ್ತಿ ಉಂಡು ಬೆಳೀತದ."

ಗಂಗವ್ವ ತೂತನ್ನೇ ನೋಡುತ್ತ ಹೇಳಿದಳು: "ಗಂಡ ಇಲ್ಲ, ಆಳು ಇಲ್ಲ, ಒಬ್ಬಾಕಿನ ದುಡೀತಾಳ. ಈಕಿಗೂ ಒಬ್ಬಾಂವ ಮೈದುನ ಇರಬೇಕು, ನೋಡ್ರಿ."

ಬಸಲಿಂಗಪ್ಪನಿಗೆ ಕೇಳಿಸಲಿ ಎಂದೇ ಹೇಳಿದ್ದು. ಅವನು ಕೆಮ್ಮಿದ.

ಜೇನು ಅಂದರೆ ಜನರಿಗೆ ತುಪ್ಪ ಕೊಡುವ ಹುಳವಷ್ಟೇ ನೆನಪಾಗುತ್ತದೆ. ಬಯಲಲ್ಲಿ ನಿಜವಾದ ಬಳಗ ದೊಡ್ಡದು. ಬೇಲಿಯ ಕಂಟಿಯಲ್ಲಿ ಅಂಗೈಯಷ್ಟು ತೊಟ್ಟಿಲು ಕಟ್ಟುವ ಕೋಲುಜೇನು, ಒಣ ಮರದಲ್ಲಿ ಸುರಂಗ ಕೊರೆಯುವ ಕರೀ ದುಂಬಿ, ನೆಲದ ಒಂಟಿ ಜೇನು, ಇವೆಲ್ಲ ಪರಾಗದ ಕೂಲಿಗಳೇ. ಇವುಗಳ ಹತ್ತಿರದ ನಂಟರು ಕಣಜದ ಹುಳಗಳು. ನಮ್ಮ ಆಯಿಯ ಕುಂಬಾರ ಹುಳವೂ ಅವರಲ್ಲೊಬ್ಬಳು. ನಾನು ಗಂಗವ್ವನಿಗೆ ಹೇಳಿದ್ದು ಎರಡೇ ಮಾತು. ಬಿತ್ತುವ ಮುಂಚೆ ಬದು ಕೆತ್ತಿ, ಕಸ ಕೂಡಿಸಿ ಸುಡುವ ಪದ್ಧತಿಯನ್ನು ಈ ವರ್ಷ ಬಿಡಬೇಕು. ಹೂವಾದ ಮೇಲೆ ಪುಡಿಯ ಗಂಟು ಹೊಲಕ್ಕೆ ಬರಕೂಡದು. ಹೆಜ್ಜೇನು ಋತು ನೋಡಿ ಊರೂರು ತಿರುಗುವ ಹುಳ, ಹಳೆಯ ಮರಕ್ಕೆ ತಿರುಗಿ ಬರುವುದು ಅವುಗಳ ಸ್ವಭಾವ. ಸುಟ್ಟವು ಹೋದವು, ಆದರೆ ಬೇರೆ ಹಿಂಡು ಅದೇ ಮರಕ್ಕೆ ಬರಬಹುದು ಎಂದೆ.

ಬಸಲಿಂಗಪ್ಪನಿಗೂ ಒಂದು ಕೆಲಸ ಒಪ್ಪಿಸಿದೆ. "ನೀವು ಹೇಳಿದ್ದು ಖರೆ ಅಂದ್ರ ಹುಳ ಮುಟ್ಟದ ತೆನಿ ತುಂಬಬೇಕು. ನಿಮಗ ಬೇಕಾದ ಒಂದು ಸಾಲು ನೀವ ಆರಿಸ್ಕೋರಿ. ಮೊಗ್ಗಿದ್ದಾಗ ಸೊಳ್ಳೆಪರದೆ ಅರಿವಿ ಕಟ್ಟಿ ನೀವ ಕಾಯ್ರಿ. ಒಂದು ಹುಳಾನೂ ಬಿಡಬ್ಯಾಡ್ರಿ."

"ಕಾಯೂದು ನನಗ ಕಲಿಸಬ್ಯಾಡ್ರಿ," ಎಂದ. ದಾರಿಯ ಪಕ್ಕದ ಸಾಲು ಆರಿಸಿಕೊಂಡ, ಏನು ಬಿತ್ತಿದರೂ ಅಲ್ಲಿ ಗಿಡ ದಪ್ಪಗೆ ಬರುತ್ತಿದ್ದವು.

ಮುಂಗಾರು ಸರಿಯಾಗಿ ಆಯಿತು, ಗಂಗವ್ವ ಶ್ರಾವಣದ ಕೊನೆಗೆ ಬಿತ್ತಿದಳು. ಗಿಡ ಎದೆಯೆತ್ತರ ಬೆಳೆದು ಮೊಗ್ಗು ಒಡೆಯುವ ಹೊತ್ತಿಗೆ ಗಂಗವ್ವನಿಂದ ಹೇಳಿಕೆ ಬಂತು: ಹಸಿರು ಹುಳ ಬಿದ್ದಿದೆ, ಕೂಡಲೇ ಬರಬೇಕು. ಹೋದೆ. ತೆನೆ ಕೊರೆಯುವ ಮರಿಹುಳಗಳು ಅಲ್ಲಲ್ಲಿ ಹತ್ತಿದ್ದವು. ಮನೆಯ ಕಟ್ಟೆಯ ಮೇಲೆ ಪುಡಿಯ ಗಂಟು ಸಿದ್ಧವಾಗಿತ್ತು.

"ಜಾಡಿಸಲೇನ್ರಿ? ಬಿಟ್ರ ತೆನಿ ಉಳಿಯೂದಿಲ್ಲ."

ಇದು ತೂಗಿ ನೋಡುವ ಗಳಿಗೆ. ಜಾಡಿಸಿದರೆ ಮರಿಹುಳದೊಂದಿಗೆ ಜೇನೂ ಹೋಗುತ್ತದೆ. ಬೇಡ ಅಂದು ಹುಳ ಹೆಚ್ಚಾದರೆ ಕೈತಪ್ಪಿ ಹೋಗುವುದು ಆಕೆಯ ಹೊಲ, ನನ್ನದಲ್ಲ. ಗಿಡಗಳ ನಡುವೆ ಎರಡು ಸುತ್ತು ಹಾಕಿದೆ. ಮರಿಹುಳ ಇದ್ದವು, ಆದರೆ ವಿರಳ. ಅವುಗಳ ಮೇಲೆ ಕಣಜಗಳು ಹಾರಾಡುತ್ತಿದ್ದವು. ಗಂಗವ್ವನ ದನದ ಕೊಟ್ಟಿಗೆಗೆ ಹೋದೆ. ಗೋಡೆಯಲ್ಲಿ ಕುಂಬಾರ ಹುಳದ ಮಣ್ಣಿನ ಗಡಿಗೆಗಳಿದ್ದವು. ಮನಸ್ಸಿಲ್ಲದೆ ಒಂದನ್ನು ಒಡೆದು ಆಕೆಯ ಅಂಗೈಗೆ ಸುರಿದೆ. ಒಳಗೆ ಒತ್ತಿ ತುಂಬಿದ ಹಸಿರು ಮರಿಹುಳಗಳು.

"ಅಯ್ಯ! ಇವು ನಮ್ಮ ಹೊಲದಾವ! ಸತ್ತಾವೇನ್ರಿ?"

"ಸತ್ತಿಲ್ಲ. ಚುಚ್ಚಿ ಮಲಗಿಸ್ಯಾಳ. ಸತ್ರ ಕೊಳೀತಾವಲ್ಲ? ಮರಿಗೆ ತಾಜಾ ಊಟ ಬೇಕು. ನಿಮ್ಮ ಹೊಲದಾಗ ಈಕಿ ಆಗಲೇ ಕೆಲಸಕ್ಕ ಹತ್ಯಾಳ. ಪುಡಿ ಜಾಡಿಸಿದ್ರ ಮೊದಲು ಸಾಯೂದು ಈಕಿನ."

ಗಂಗವ್ವ ಅಂಗೈಯನ್ನು ಒಮ್ಮೆ, ಪುಡಿಯ ಗಂಟನ್ನು ಒಮ್ಮೆ ನೋಡಿದಳು. ಗಂಟನ್ನು ಎತ್ತಿ ಅಟ್ಟದ ಮೇಲೆ ಎಸೆದಳು. ಕಣ್ಣಿಗೆ ಬಿದ್ದ ಮರಿಹುಳಗಳನ್ನು ಹೆಣ್ಣಾಳುಗಳಿಂದ ಕೈಯಿಂದ ಆರಿಸಿ ತೆಗೆಸಿದಳು. ಉಳಿದದ್ದನ್ನು ಕಣಜಗಳಿಗೆ ಬಿಟ್ಟೆವು. ಹುಳ ಹೆಚ್ಚಲಿಲ್ಲ.

ಹೂವು ಅರಳಿತು. ಇಡೀ ಹೊಲ ಹಳದಿ. ಬದುವಿನ ಜೇನುಗಳು ಬಂದವು, ದುಂಬಿಗಳು ಬಂದವು. ಒಂದು ಬೆಳಗ್ಗೆ ಹಳ್ಳದ ದಂಡೆಯ ಆಲದ ಕೊಂಬೆಗೆ ಹೆಜ್ಜೇನಿನ ಹಿಂಡುಗಳು ಬಂದು ಕೂತವು. ಗಂಗವ್ವ ಹಿಗ್ಗಿದಳು. ಆದರೆ ಹೆಜ್ಜೇನು ಸಾಧು ಹುಳವಲ್ಲ, ಅದನ್ನು ನಾನು ಯಾರಿಗೂ ಮುಚ್ಚಿಟ್ಟವನಲ್ಲ. ಸೀಗಿ ಹುಣ್ಣಿಮೆ ಹತ್ತಿರವಿದ್ದಾಗ ಬಸಲಿಂಗಪ್ಪನ ಎತ್ತುಗಳು ಆ ಮರದ ಕೆಳಗೆ ನೀರು ಕುಡಿಯಲು ಇಳಿದವು, ಮೇಲೊಂದು ಗಿಡುಗ ಹುಟ್ಟಿಗೆ ಬಡಿಯಿತು, ಹಿಂಡು ಎದ್ದಿತು. ಎತ್ತೊಂದು ಮೈಯೆಲ್ಲ ಬಾತು ಎರಡು ದಿನ ಮೇವು ಮುಟ್ಟಲಿಲ್ಲ. ಊರು ಅವನ ಕಡೆ ನಿಂತಿತು. ಸೀಗಿ ಹುಣ್ಣಿಮೆಯ ಸಂಜೆ ಮರಕ್ಕೆ ಬೆಂಕಿ ಎಂದು ನಿಶ್ಚಯವಾಯಿತು. ಹೊಲದಲ್ಲಿ ತೆನೆಗಳ ನಡುಭಾಗ ಇನ್ನೂ ಅರಳಬೇಕಿತ್ತು. ಆ ದಿನ ಹೆಜ್ಜೇನು ಹೋದರೆ ತೆನೆಯ ಅರ್ಧ ಹೋದಂತೆ.

ಸೀಗಿ ಹುಣ್ಣಿಮೆ ನಮ್ಮ ಕಡೆ ಭೂಮಿತಾಯಿಯ ಸೀಮಂತ. ಬಸುರಿಗೆ ಉಣಿಸಿದ ಹಾಗೆ ಹೊಲಕ್ಕೆ ಉಣಿಸುತ್ತಾರೆ. ಕಡಬು, ರೊಟ್ಟಿ, ಪಲ್ಯ, ಅನ್ನ ಎಲ್ಲವನ್ನೂ ಕಲಸಿ, "ಹುಲ್ಲುಲಿಗ್ಯೋ" ಎಂದು ಕೂಗುತ್ತ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಹೊಲದಲ್ಲಿರುವ ಜೀವಕ್ಕೆಲ್ಲ ಅದರಲ್ಲಿ ಪಾಲು. ಹೊಲ ಯಾರದೋ ಅವರೇ ಚರಗ ಚೆಲ್ಲುವವರು. ಆದರೆ ಗಂಡ ತೀರಿದಾಗಿನಿಂದ ಗಂಗವ್ವನ ಹೊಲದ ಚರಗವನ್ನು ಬಸಲಿಂಗಪ್ಪನೇ ಚೆಲ್ಲುತ್ತಿದ್ದ, ಗಂಡಸರ ಕೆಲಸವೆಂದು.

ಆಕೆಯ ಕರೆಯ ಮೇಲೆ ನಾನೂ ಊಟಕ್ಕೆ ಹೋಗಿದ್ದೆ. ನಡುಮಧ್ಯಾಹ್ನ. ಆಲದ ಮರದಿಂದ ತುಸು ಈಚೆಗೆ ಕಣಕಿಯ, ಅಂದರೆ ಒಣ ಜೋಳದ ದಂಟಿನ, ದೊಡ್ಡ ರಾಶಿ ಸಂಜೆಯ ಬೆಂಕಿಗೆ ಕಾಯುತ್ತಿತ್ತು. ಪೂಜೆ ಮುಗಿಯಿತು. ಬಸಲಿಂಗಪ್ಪ ಚರಗದ ಬುಟ್ಟಿಗೆ ಕೈ ಚಾಚಿದ. ಗಂಗವ್ವ ಬುಟ್ಟಿಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಅತ್ತಿಗಿ, ಏನು ಮಾಡಾಕ ಹತ್ತೀದಿ?"

"ನನ್ನ ಹೊಲಕ್ಕ ನಾ ಉಣಸಾಕ ಹತ್ತೇನಿ."

ಆಕೆ ಹೊಲದ ಸುತ್ತ ನಡೆದು, ಬದುವಿನ ತೂತುಗಳ ಮೇಲೆ ಒಂದು ಹಿಡಿ ಚೆಲ್ಲಿ, ಸಾಲುಗಳ ಬುಡಕ್ಕೆ ಚೆಲ್ಲಿ, ನೇರವಾಗಿ ಕಣಕಿಯ ರಾಶಿಯ ಕಡೆ ಹೋದಳು. ಅಲ್ಲಿ ಕೂಗಲಿಲ್ಲ. ಹುಳ ಏಳಬಾರದಲ್ಲ! ಬುಟ್ಟಿಯಲ್ಲಿ ಉಳಿದದ್ದನ್ನು ಸದ್ದಿಲ್ಲದೆ ಆ ರಾಶಿಯ ಮೇಲೆ, ಅದರ ಸುತ್ತ ಸುರಿದಳು. ತಿರುಗಿ ಬಂದು ಜನರ ಮುಂದೆ ನಿಂತಳು.

"ಇವತ್ತ ಭೂಮ್ತಾಯಿ ಬಸುರಿ. ಬಸುರಿ ಮುಂದ ಚಿತಿ ಹಚ್ಚತೀರೇನು? ಚರಗ ಬಿದ್ದ ಜಾಗಾಕ್ಕ ಬೆಂಕಿ ಇಡಾಂವ ಯಾಂವ ಅದಾನ, ಮುಂದ ಬರ್ಲಿ."

ಮುದುಕನೊಬ್ಬ ಟೋಪಿ ತೆಗೆದು ತಲೆ ಕೆರೆದುಕೊಂಡು, "ಆಕಿ ಹೇಳೂದು ಬರೋಬ್ಬರಿ ಐತಿ. ಚರಗದ ಮ್ಯಾಲ ಕೊಳ್ಳಿ ಇಡಾಕ ನನ್ನ ಕೈಲೆ ಆಗೂದಿಲ್ಲಪ," ಎಂದ.

"ಹಂಗಾರ ನನ್ನ ಎತ್ತು?" ಬಸಲಿಂಗಪ್ಪ ನನ್ನ ಕಡೆ ತಿರುಗಿದ. "ಸಾಹೇಬ್ರ, ಅದಕ್ಕೇನು ಹೇಳ್ತೀರಿ?"

ಕೇಳಬೇಕಾದ ಪ್ರಶ್ನೆಯೇ. ಉತ್ತರ ನಾನೇ ಕೊಡಬೇಕಿತ್ತು. ದನಗಳನ್ನು ಹಳ್ಳದ ಕೆಳಗಿನ ತಿರುವಿನಲ್ಲಿ ನೀರಿಗೆ ಇಳಿಸುವುದು. ಮರದ ಆಚೀಚೆ ಮುಳ್ಳುಕಂಟಿ ಹಚ್ಚಿ ದಾರಿ ಮುಚ್ಚುವುದು. ಅತ್ತ ಹೊಗೆ, ಗದ್ದಲ ಬೇಡ. ಹೂವಿನ ಕಾಲ ಮುಗಿದರೆ ಹೆಜ್ಜೇನು ತಾವೇ ಎದ್ದು ಹೋಗುತ್ತವೆ ಎಂದೆ. ಕಂಟಿ ಕಡಿಯಲು ನಾನೇ ಕುಡುಗೋಲು ಹಿಡಿದು ಹೊರಟಾಗ ನಾಲ್ಕು ಜನ ಹಿಂದೆ ಬಂದರು. ಕೊನೆಗೆ ಬಸಲಿಂಗಪ್ಪನೂ ಬಂದ. "ತೆನಿ ಒಕ್ಕೂ ದಿನ ನೋಡೂಣು," ಎಂದು ಗೊಣಗುತ್ತಲೇ ಎಲ್ಲರಿಗಿಂತ ಹೆಚ್ಚು ಕಂಟಿ ಕಡಿದ.

ಒಕ್ಕುವ ದಿನ ಕಣದಲ್ಲಿ ಹಿರಿಯರೆಲ್ಲ ಸೇರಿದ್ದರು. ಬಸಲಿಂಗಪ್ಪ ತಾನು ಕಾಯ್ದ ಸಾಲಿನ ತೆನೆಗಳ ಅರಿವೆಯನ್ನು ತಾನೇ ಬಿಚ್ಚಿ, ತಾನೇ ಬಡಿದು, ಮೊರಕ್ಕೆ ತುಂಬಿಕೊಂಡು ಗಾಳಿಗೆ ಅಡ್ಡಲಾಗಿ ನಿಂತ. ಅವನ ಕಾವಲಿನಲ್ಲಿ ಒಂದು ಕುಂದೂ ಇರಲಿಲ್ಲ; ಒಂದು ಹುಳವೂ ಆ ತೆನೆಗಳನ್ನು ಮುಟ್ಟಿರಲಿಲ್ಲ. ಮೊರ ಎತ್ತಿ ತೂರಿದ. ಬೀಜ ಕೆಳಗೆ ಬೀಳಬೇಕಲ್ಲ? ಗಾಳಿ ಎತ್ತಿಕೊಂಡು ಹೋಯಿತು. ಕರೀ ಸಿಪ್ಪೆಗಳು ಕಣ ದಾಟಿ ಬೇಲಿಗೆ ಹೋಗಿ ಬಿದ್ದವು. ಅವನ ಕಾಲಬಳಿ ಉಳಿದದ್ದು ಒಂದು ಹಿಡಿ.

ಗಂಗವ್ವ ಬಯಲ ತೆನೆಗಳದನ್ನು ತೂರಿದಳು. ಸರ್ರನೆ ಕಾಲಬುಡಕ್ಕೆ ಸುರಿಯಿತು, ಆಲಿಕಲ್ಲು ಬಿದ್ದ ಸದ್ದು.

ಬಸಲಿಂಗಪ್ಪ ಅಷ್ಟಕ್ಕೆ ಬಿಡುವವನಲ್ಲ. "ಅರಿವಿ ಕಟ್ಟಿದ್ದಕ್ಕ ಜೊಳ್ಳಾಗ್ಯಾವ. ಬಿಸಲು ಬಿದ್ದಿಲ್ಲ, ಗಾಳಿ ಆಡಿಲ್ಲ."

ಈ ಮಾತು ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು. ಗಂಗವ್ವನಿಗೆ ಮೊದಲೇ ಹೇಳಿ ಇನ್ನಷ್ಟು ತೆನೆಗಳಿಗೆ ಅದೇ ಅರಿವೆ ಕಟ್ಟಿಸಿದ್ದೆ. ಹೂವಿದ್ದಷ್ಟು ದಿನ ಬೆಳಗ್ಗೆ ಆಕೆ ಅರಿವೆ ಬಿಚ್ಚಿ, ಕೈಗೆ ಮೆತ್ತನ್ನ ಬಟ್ಟೆ ಸುತ್ತಿ, ಬೇರೆ ತೆನೆಯ ಮೇಲೆ ಸವರಿದ ಕೈಯನ್ನು ಇವುಗಳ ಮೇಲೆ ಸವರಿ, ಮತ್ತೆ ಕಟ್ಟುತ್ತಿದ್ದಳು. ಅಂದರೆ ಬಿಸಿಲು, ಗಾಳಿ ಬಸಲಿಂಗಪ್ಪನ ತೆನೆಗಳಿಗೆ ಇದ್ದಷ್ಟೇ. ಜೇನಿನ ಕೆಲಸ ಮಾತ್ರ ಆಕೆಯ ಕೈ ಮಾಡಿತ್ತು. ಆ ತೆನೆಗಳನ್ನು ತಂದು ಅವನ ಮುಂದೆ ಇಟ್ಟಳು. "ನೀನ ಬಿಚ್ಚು, ನೀನ ತೂರು."

ತೂರಿದ. ಕಾಳು ಬಿದ್ದವು. ಬಾಗಿ ನಾಲ್ಕು ಆರಿಸಿ ಹಲ್ಲಿನಲ್ಲಿ ಒಡೆದ. ಎಣ್ಣೆಗಾಳು. ಬಹಳ ಹೊತ್ತು ಅಗಿದ.

"ನಾ ಕಾಯ್ದದ್ದು ಗಾಳಿ ಒಯ್ತಲ್ಲೋ ಮಾರಾಯ," ಎಂದ ಯಾರಿಗೂ ಅಲ್ಲದ ಹಾಗೆ. ಆಮೇಲೆ ಮೊರವನ್ನು ಅತ್ತಿಗೆಯ ಕೈಗೆ ಕೊಟ್ಟು, "ಮುಂದಿನ ವರ್ಷ ನನಗೂ ನಾಕು ಸೇರು ಬೀಜ ಇಡು," ಎಂದ.

"ಬೀಜ ಕೊಡತೇನಿ. ಬದು ಕೆತ್ತೂದಿಲ್ಲ ಅಂತ ಆಣಿ ಮಾಡು."

ಕಣದಲ್ಲಿದ್ದವರೆಲ್ಲ ನಕ್ಕರು. ಹೊಲವನ್ನು ಪಾಲಿಗೆ ಬಿಡುವ ಮಾತನ್ನು ಹಿರಿಯರು ಮತ್ತೆ ಎತ್ತಲಿಲ್ಲ. ಹೂವಿನ ಕಾಲ ಮುಗಿದು ಹೆಜ್ಜೇನು ಆಗಲೇ ಎದ್ದುಹೋಗಿದ್ದವು. ಆಲದ ಕೊಂಬೆಯಲ್ಲಿ ಖಾಲಿ ಹುಟ್ಟುಗಳು ಒಣಗುತ್ತಿದ್ದವು, ಈಚೆಗೆ ಕಣಕಿಯ ರಾಶಿ ಹಾಗೇ ಇತ್ತು. ಆ ಕಣಕಿಯನ್ನು ಗಂಗವ್ವ ಬಸಲಿಂಗಪ್ಪನ ಎತ್ತುಗಳಿಗೇ ಹಾಕಿಸಿದಳು. ಮುಂದಿನ ಸೀಗಿ ಹುಣ್ಣಿಮೆಗೂ ಆಕೆಯ ಹೊಲದ ಚರಗದ ಬುಟ್ಟಿ ಆಕೆಯ ತಲೆಯ ಮೇಲೆಯೇ ಇತ್ತು. ಹಿಂದಿನಿಂದ ನೀರಿನ ತಂಬಿಗೆ ಹಿಡಿದು ನಡೆದವನು ಬಸಲಿಂಗಪ್ಪ.

ಮುಂದೆ ಎಷ್ಟೋ ತಾಲ್ಲೂಕು ತಿರುಗಿದೆ, ಎಷ್ಟೋ ಹೊಸ ಬೆಳೆ ಬಂದವು, ಹೋದವು. ಎಲ್ಲಿ ಹೋದರೂ ರೈತರು ಮೊದಲು ಬೆಳೆ ತೋರಿಸಲು ಕರೆಯುತ್ತಾರೆ. "ಬರತೇನಿ ತಡೀರಿ," ಅನ್ನುತ್ತೇನೆ. ಬದುವಿನ ಬಿಸಿಲು ಮಗ್ಗುಲಿಗೆ ಹೋಗಿ ಸ್ವಲ್ಪ ಹೊತ್ತು ಕುಕ್ಕುರುಗಾಲಿನಲ್ಲಿ ಕೂಡುತ್ತೇನೆ. ತೂತಿನೊಳಗೆ ಯಾರಾದರೂ ಬುತ್ತಿ ಹೊತ್ತು ಇಳಿಯುವುದು ಕಂಡರೆ ಎದ್ದು ಬೆಳೆಯ ಕಡೆ ಹೋಗುತ್ತೇನೆ. ಯಾರೂ ಕಾಣದಿದ್ದರೆ, ಬೆಳೆ ಎಷ್ಟೇ ಹಸಿರಿರಲಿ, ನನ್ನ ಪ್ರಶ್ನೆಗಳು ಅಲ್ಲಿಂದಲೇ ಸುರುವಾಗುತ್ತವೆ.